ಕರುಳಿನ ಆರ್ಗನಾಯ್ಡ್: ಬೆಳೆಸುವ ಮತ್ತು ಚಿತ್ರಿಸುವ ಪ್ರಯೋಗಾಲಯ ವಿಧಾನಗಳು

ಕರುಳಿನ ಒಳಪದರದ ಕಾಂಡಕೋಶಗಳನ್ನು ದೇಹದಿಂದ ಹೊರತೆಗೆದು ಮೆತ್ತನೆಯ ಜೆಲ್ಲಿನಲ್ಲಿ ಹುದುಗಿಸಿ, ತಕ್ಕ ಪೋಷಕ ದ್ರವ ಕೊಟ್ಟರೆ ಅವು ವಿಭಜಿಸುತ್ತ, ಒಂದಕ್ಕೊಂದು ಅಂಟಿಕೊಳ್ಳುತ್ತ, ಒಳಗೆ ಟೊಳ್ಳಿರುವ ಪುಟ್ಟ ರಚನೆಗಳನ್ನು ತಾವಾಗಿಯೇ ಕಟ್ಟುತ್ತವೆ. ಇವೇ ಕರುಳಿನ ಆರ್ಗನಾಯ್ಡ್‌ಗಳು. ಬಹುತೇಕ ಒಂದು ಮಿಲಿಮೀಟರಿಗಿಂತ ಚಿಕ್ಕವಾದ ಇವುಗಳಲ್ಲಿ ಆಹಾರ ಹೀರುವ ಕೋಶ, ಲೋಳೆ ಸುರಿಸುವ ಗಾಬ್ಲೆಟ್ ಕೋಶ, ಸೋಂಕು ತಡೆಯುವ ರಾಸಾಯನಿಕ ಸ್ರವಿಸುವ ಪ್ಯಾನೆಟ್ ಕೋಶ, ಹಾರ್ಮೋನು ಬಿಡುವ ಕೋಶಗಳೆಲ್ಲ ಇರುತ್ತವೆ. ಪೂರ್ಣ ಕರುಳಿನಲ್ಲಿರುವ ರಕ್ತನಾಳ, ನರ, ಸ್ನಾಯು, ರೋಗನಿರೋಧಕ ಕೋಶಗಳು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆರ್ಗನಾಯ್ಡ್‌ಗಳನ್ನು ತಯಾರಿಸುವುದು ಒಂದು ಕೆಲಸ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಮತ್ತೊಂದು ಕೆಲಸ ಎಂದು ಪಠ್ಯಗಳು ಬೇರೆ ಬೇರೆ ಅಧ್ಯಾಯ ಮಾಡುತ್ತವೆ. ಪ್ರಯೋಗಾಲಯದಲ್ಲಿ ಆ ಗೆರೆ ನಿಲ್ಲುವುದಿಲ್ಲ. ಯಾವ ತಟ್ಟೆಯಲ್ಲಿ, ಎಷ್ಟು ದಪ್ಪದ ಜೆಲ್ಲಿನಲ್ಲಿ, ತಳದಿಂದ ಎಷ್ಟು ಎತ್ತರದಲ್ಲಿ ಬೆಳೆಸಿದರು ಎಂಬುದೇ ಮುಂದೆ ಏನು ಕಾಣಬಹುದು ಎಂಬುದನ್ನು ಗೊತ್ತುಮಾಡಿಬಿಡುತ್ತದೆ.

ಹಿನ್ನೆಲೆ

ಸಣ್ಣಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಬೆರಳಿನಾಕಾರದ ಚಾಚಿಕೆಗಳಿವೆ. ಅವುಗಳ ಬುಡದಲ್ಲಿ ಕ್ರಿಪ್ಟ್ ಎಂಬ ಗುಳಿಗಳಿವೆ. ಗುಳಿಯ ತಳದ ಕಾಂಡಕೋಶಗಳು ಬಿಡುವಿಲ್ಲದೆ ಹೊಸ ಕೋಶಗಳನ್ನು ಹುಟ್ಟಿಸುತ್ತವೆ, ಅವು ಮೇಲಕ್ಕೆ ಸರಿಯುತ್ತ ವಿಲ್ಲೈ ತುದಿ ಮುಟ್ಟಿ ಉದುರುತ್ತವೆ. ಹೀಗೆ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಇಷ್ಟು ಚುರುಕಿನ ಅಂಗಾಂಶವನ್ನು ದೇಹದ ಹೊರಗೆ ಉಳಿಸಿಕೊಳ್ಳುವುದು ದಶಕಗಳ ಕಾಲ ಆಗದ ಕೆಲಸವಾಗಿತ್ತು.

2007ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ತಂಡದ ನಿಕ್ ಬಾರ್ಕರ್ ಮತ್ತು ಸಂಗಡಿಗರು ಈ ಕಾಂಡಕೋಶಗಳನ್ನು ಎಲ್‌ಜಿಆರ್5 ಎಂಬ ಗುರುತಿನಿಂದ ಪತ್ತೆಮಾಡಿದರು. ಅದೇ ತಂಡದ ತೋಶಿರೊ ಸಾಟೊ 2009ರಲ್ಲಿ ಇಲಿಯ ಒಂದೇ ಒಂದು ಎಲ್‌ಜಿಆರ್5 ಕೋಶದಿಂದ ಕ್ರಿಪ್ಟ್ ಮತ್ತು ವಿಲ್ಲೈ ಭಾಗಗಳೆರಡೂ ಇರುವ ಪೂರ್ಣ ರಚನೆಯನ್ನು ಬೆಳೆಸಿ ತೋರಿಸಿದರು. ಸುತ್ತಲಿನ ಅಂಗಾಂಶದ ನೆರವಿಲ್ಲದೆ ಒಂದು ಕೋಶ ಕರುಳಿನ ನಕ್ಷೆಯನ್ನು ತನ್ನಷ್ಟಕ್ಕೆ ಮತ್ತೆ ಬಿಡಿಸಬಲ್ಲದು ಎಂಬುದು ಆಗ ದೊಡ್ಡ ಅಚ್ಚರಿಯಾಗಿತ್ತು. 2011ರಲ್ಲಿ ಮನುಷ್ಯರ ಕರುಳಿನಿಂದಲೂ ಇದು ಸಾಧ್ಯವಾಯಿತು. ಅದೇ ವರ್ಷ ಅಮೆರಿಕದ ಸಿನ್ಸಿನಾಟಿಯಲ್ಲಿ ಜೇಮ್ಸ್ ವೆಲ್ಸ್ ತಂಡ ದೇಹದ ಯಾವ ಬಗೆಯ ಕೋಶವಾಗಿಯೂ ಮಾಗಬಲ್ಲ ಬಹುಶಕ್ತ ಕಾಂಡಕೋಶಗಳಿಂದ ಕರುಳಿನ ಆರ್ಗನಾಯ್ಡ್ ಬೆಳೆಸಿತು.

ಕರುಳಿಗೊಂದು ಪ್ರಯೋಗ ಮಾದರಿ ಬೇಕೆಂಬ ಹುಡುಕಾಟ ಭಾರತಕ್ಕೆ ಹೊಸದಲ್ಲ. ಕೋಲ್ಕತ್ತದ ಶಂಭುನಾಥ್ ಡೇ 1953ರಲ್ಲಿ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಕಾಲರಾ ರೋಗಾಣು ಬಿಟ್ಟು, ಆ ಭಾಗ ನೀರು ತುಂಬಿ ಉಬ್ಬುವುದನ್ನು ತೋರಿಸಿದರು. 1959ರಲ್ಲಿ ರೋಗಾಣುವನ್ನು ಸೋಸಿ ತೆಗೆದ ದ್ರವವೂ ಅದೇ ಕೆಲಸ ಮಾಡುತ್ತದೆಂದು ತೋರಿಸಿ, ಕಾಲರಾದ ಮೂಲ ಒಂದು ವಿಷವಸ್ತು ಎಂದು ಸಾಬೀತುಪಡಿಸಿದರು. ಉಬ್ಬುವಿಕೆಯನ್ನು ಅಳೆದು ರೋಗವನ್ನು ಅರಿಯುವ ಆ ದಾರಿಯನ್ನೇ, ಮುಂದೆ ಹೇಳುವಂತೆ, ಇಂದಿನ ಆರ್ಗನಾಯ್ಡ್ ಪರೀಕ್ಷೆ ಸೂಕ್ಷ್ಮದರ್ಶಕದ ಕೆಳಗೆ ಹಿಡಿದಿದೆ. ಡೇ ಅವರಿಗೆ ಬದುಕಿದ್ದಾಗ ಸಿಗಬೇಕಿದ್ದ ಮನ್ನಣೆ ಸಿಗಲಿಲ್ಲ. ಕರುಳಿನ ಮಾದರಿಗಳ ಚರಿತ್ರೆ ಬರೆಯುವವರು ಅವರಿಂದಲೇ ಶುರುಮಾಡುವುದು ನ್ಯಾಯ.

ಅಂಗಾಂಶದಿಂದ ಕ್ರಿಪ್ಟ್ ಬಿಡಿಸುವುದು

ಇಲಿಯ ಕರುಳಾದರೆ ಸಣ್ಣಕರುಳಿನ ಮೇಲ್ಭಾಗವನ್ನು ಉದ್ದಕ್ಕೆ ಸೀಳಿ, ತಣ್ಣನೆಯ ಲವಣದ್ರಾವಣದಲ್ಲಿ ತೊಳೆದು, ಗಾಜಿನ ಪಟ್ಟಿಯ ಅಂಚಿನಿಂದ ವಿಲ್ಲೈಗಳನ್ನು ಹಗುರಾಗಿ ಕೆರೆದು ತೆಗೆಯುತ್ತಾರೆ. ಉಳಿದದ್ದನ್ನು 2ರಿಂದ 4 ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯುತ್ತಾರೆ. ಮನುಷ್ಯರದ್ದಾದರೆ ಎಂಡೊಸ್ಕೊಪಿಯಲ್ಲಿ ಚಿವುಟಿದ ಚೂರು ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗ ಬರುತ್ತದೆ. ಅದು ಆಸ್ಪತ್ರೆಯಿಂದ ಹೊರಟ ಗಳಿಗೆಯಿಂದ ಮಂಜುಗಡ್ಡೆಯ ಮೇಲೆಯೇ ಇರಬೇಕು. ಕರುಳು ರೋಗಾಣುಗಳ ನೆಲೆಯಾದ್ದರಿಂದ ಪ್ರತಿಜೈವಿಕ ಬೆರೆಸಿದ ದ್ರಾವಣದ ತೊಳೆತ ಇಲ್ಲಿ ಮುಖ್ಯ. ಈ ಹಂತದ ಅವಸರ ಮೂರನೆಯ ದಿನ ಇಡೀ ತಟ್ಟೆಯ ಸೋಂಕಾಗಿ ಕಾಣಿಸಿಕೊಳ್ಳುತ್ತದೆ.

ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಬಹುಮಟ್ಟಿಗೆ ಕ್ಯಾಲ್ಸಿಯಂ. ಅದನ್ನು ಸೆಳೆದುಕೊಳ್ಳುವ ಇಡಿಟಿಎ ರಾಸಾಯನಿಕದ 2 ಮಿಲಿಮೋಲಾರ್ ದ್ರಾವಣದಲ್ಲಿ ತುಂಡುಗಳನ್ನು 4 ಡಿಗ್ರಿ ಚಳಿಯಲ್ಲಿ ಸುಮಾರು ಅರ್ಧ ಗಂಟೆ ಇಟ್ಟರೆ ಕ್ರಿಪ್ಟ್‌ಗಳ ಹಿಡಿತ ಸಡಿಲವಾಗುತ್ತದೆ. ಇಡಿಟಿಎ ಚೆಲ್ಲಿ ಹೊಸ ದ್ರಾವಣ ಹಾಕಿ ಕುಲುಕಿದಾಗ ಮೊದಲ ಸಲ ವಿಲ್ಲೈ ಚೂರು ಮತ್ತು ಸತ್ತ ಕೋಶ ಬರುತ್ತವೆ, ಆಮೇಲಿನ ಸಲಗಳಲ್ಲಿ ಕ್ರಿಪ್ಟ್‌ಗಳು. ಪ್ರತಿ ಸಲದ ಒಂದೊಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಬೇಕು. ಎಷ್ಟು ಸಲ, ಎಷ್ಟು ಜೋರಾಗಿ ಕುಲುಕಬೇಕು ಎಂಬುದನ್ನು ಯಾವ ಕೈಪಿಡಿಯೂ ಖಚಿತವಾಗಿ ಹೇಳಲಾರದು, ಅದು ಕೈಗೆ ಬರಬೇಕಾದ ಪಳಗು. ಆಯ್ದ ದ್ರವವನ್ನು 70 ಮೈಕ್ರಾನ್ ಜರಡಿಯಲ್ಲಿ ಸೋಸಿ, ನಿಧಾನಗತಿಯ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕ್ರಿಪ್ಟ್‌ಗಳು ತಳ ಸೇರುತ್ತವೆ. ಪಿಪೆಟ್ಟಿನ ತುದಿಗೂ ಕೊಳವೆಗೂ ಮುಂಚೆಯೇ ಆಲ್ಬುಮಿನ್ ಅಥವಾ ಸೀರಂ ಸವರದಿದ್ದರೆ ಅರ್ಧ ಕ್ರಿಪ್ಟ್‌ಗಳು ಪ್ಲಾಸ್ಟಿಕ್ಕಿಗೇ ಅಂಟಿ ಹೋಗುತ್ತವೆ.

ಜೆಲ್ಲಿನ ಗುಮ್ಮಟ

ಹುದುಗಿಸುವ ಜೆಲ್ ಸಾಮಾನ್ಯವಾಗಿ ಮ್ಯಾಟ್ರಿಜೆಲ್. ಇಲಿಯ ಒಂದು ಬಗೆಯ ಗೆಡ್ಡೆಯಿಂದ ತೆಗೆದ ಈ ವಸ್ತುವಿನಲ್ಲಿ ಲ್ಯಾಮಿನಿನ್, ನಾಲ್ಕನೆಯ ಬಗೆಯ ಕೊಲಾಜೆನ್ ಮುಂತಾದ ಪ್ರೋಟೀನುಗಳಿವೆ. ಮಂಜುಗಡ್ಡೆಯ ಮೇಲೆ ದ್ರವವಾಗಿರುವ ಇದು ಬೆಚ್ಚಗಾದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಪಿಪೆಟ್ ತುದಿ ತಣ್ಣಗಿರಬೇಕು, ತಟ್ಟೆ ಬೆಚ್ಚಗಿರಬೇಕು. 40–50 ಮೈಕ್ರೊಲೀಟರ್ ಜೆಲ್ಲಿನಲ್ಲಿ ಕೆಲವು ನೂರು ಕ್ರಿಪ್ಟ್‌ಗಳನ್ನು ಬೆರೆಸಿ, 24 ಗುಳಿಗಳ ತಟ್ಟೆಯ ಒಂದೊಂದು ಗುಳಿಯ ನಡುವೆ ಗುಮ್ಮಟದಂತೆ ಇಳಿಸುತ್ತಾರೆ. ಕೂಡಲೇ ತಟ್ಟೆಯನ್ನು ಮಗುಚಿ 37 ಡಿಗ್ರಿಯಲ್ಲಿ ಹತ್ತು-ಹದಿನೈದು ನಿಮಿಷ ಇಡುವ ವಾಡಿಕೆಯಿದೆ. ಮಗುಚದಿದ್ದರೆ ಕ್ರಿಪ್ಟ್‌ಗಳು ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಹತ್ತಿಕೊಂಡು ಚಪ್ಪಟೆಯಾಗಿ ಹರಡುತ್ತವೆ.

ಚಿತ್ರಣದ ಮಾತು ಇಲ್ಲಿಯೇ ಬರುತ್ತದೆ. ಎತ್ತರದ ಗುಮ್ಮಟದಲ್ಲಿ ಆರ್ಗನಾಯ್ಡ್ ಚೆನ್ನಾಗಿ ಬೆಳೆಯುತ್ತದೆ, ಆದರೆ ತೀಕ್ಷ್ಣ ಮಸೂರಗಳು ಅಷ್ಟು ಆಳ ಮುಟ್ಟುವುದಿಲ್ಲ. ಜೀವಂತ ಚಿತ್ರ ಬೇಕೆಂದು ಮೊದಲೇ ಗೊತ್ತಿದ್ದರೆ ತಳದಲ್ಲಿ ತೆಳುಗಾಜಿರುವ ತಟ್ಟೆಯನ್ನು ಆರಿಸಿ, ಜೆಲ್ಲನ್ನು ತೆಳುವಾಗಿ ಹರಡಬೇಕು.

ಮ್ಯಾಟ್ರಿಜೆಲ್ಲಿಗೆ ಎರಡು ಕೊರತೆಗಳಿವೆ. ಪ್ರಾಣಿಮೂಲದ್ದಾದ್ದರಿಂದ ಒಂದು ಬ್ಯಾಚಿನ ಸರಕಿನಂತೆ ಇನ್ನೊಂದಿರುವುದಿಲ್ಲ. ಪ್ರಾಣಿಬಳಕೆ ತಗ್ಗಿಸುವ ವಿಧಾನವೇ ಇಲಿಯ ಗೆಡ್ಡೆಯನ್ನು ನೆಚ್ಚಿಕೊಂಡಿದೆ ಎಂಬ ತೊಡಕೂ ಉಂಟು. ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಮಥಿಯಾಸ್ ಲುಟಾಲ್ಫ್ ತಂಡ 2016ರಲ್ಲಿ ಪಾಲಿಎಥಿಲೀನ್ ಗ್ಲೈಕಾಲಿನ ಕೃತಕ ಜೆಲ್ಲಿನಲ್ಲಿ ಕರುಳಿನ ಆರ್ಗನಾಯ್ಡ್ ಬೆಳೆಸಿತು. ಕೊಲಾಜೆನ್ ಜೆಲ್ ಇನ್ನೊಂದು ದಾರಿ. ಅದರ ಮೂರೆಳೆಯ ಹುರಿಯ ರಚನೆಯನ್ನು 1950ರ ದಶಕದ ನಡುವೆ ಮದ್ರಾಸಿನಲ್ಲಿ ಬಿಡಿಸಿ ಹೇಳಿದವರು ಜಿ.ಎನ್. ರಾಮಚಂದ್ರನ್. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಪೋಷಕ ದ್ರವ

ಗುಮ್ಮಟ ಗಟ್ಟಿಯಾದ ಮೇಲೆ ಸುತ್ತ ಪೋಷಕ ದ್ರವ ತುಂಬುತ್ತಾರೆ. ಸಾಟೊ ಅವರ ಪಾಕದಲ್ಲಿ ಮೂರು ಪ್ರೋಟೀನುಗಳೇ ಜೀವಾಳ: ವಿಭಜನೆಗೆ ಪ್ರಚೋದಿಸುವ ಇಜಿಎಫ್, ಕೋಶ ಬೇಗ ಮಾಗದಂತೆ ತಡೆಯುವ ನಾಗಿನ್, ಕೋಶಗಳನ್ನು ಎಳೆಯದಾಗಿಡುವ ಡಬ್ಲ್ಯುಎನ್‌ಟಿ ಎಂಬ ಸಂಕೇತವನ್ನು ಗಟ್ಟಿಗೊಳಿಸುವ ಆರ್-ಸ್ಪಾಂಡಿನ್. ಇಲಿಯ ಸಣ್ಣಕರುಳಿನಲ್ಲಿ ಪ್ಯಾನೆಟ್ ಕೋಶಗಳೇ ಡಬ್ಲ್ಯುಎನ್‌ಟಿ ಒದಗಿಸುತ್ತವೆ. ಮನುಷ್ಯರ ಕರುಳಿಗೆ ಅದನ್ನು ಹೊರಗಿನಿಂದ ಕೊಡಬೇಕು. ಜೊತೆಗೆ ನಿಕೊಟಿನಮೈಡ್ ಮತ್ತು ಒಂದೆರಡು ಸಂಕೇತನಿರೋಧಕಗಳೂ ಬೇಕು. ಒಂಟಿಯಾಗಿ ಬಿಡಿಸಿದ ಕೋಶಗಳು ಸಾಯದಂತೆ ಮೊದಲೆರಡು ದಿನ ವೈ-27632 ಎಂಬ ರಾಸಾಯನಿಕ ಬೆರೆಸುತ್ತಾರೆ. ಶುದ್ಧೀಕರಿಸಿದ ಈ ಪ್ರೋಟೀನುಗಳು ದುಬಾರಿ. ಡಬ್ಲ್ಯುಎನ್‌ಟಿ, ಆರ್-ಸ್ಪಾಂಡಿನ್, ನಾಗಿನ್ ಮೂರನ್ನೂ ಸ್ರವಿಸುವಂತೆ ಮಾರ್ಪಡಿಸಿದ ಎಲ್-ಡಬ್ಲ್ಯುಆರ್‌ಎನ್ ಎಂಬ ಕೋಶಗಳನ್ನು ಬೆಳೆಸಿ, ಅವುಗಳ ದ್ರವವನ್ನೇ ಬಳಸುವ ವಿಧಾನ ಕಡಿಮೆ ಅನುದಾನದ ಪ್ರಯೋಗಾಲಯಗಳಿಗೆ ದಾರಿ ತೆರೆದಿದೆ.

ದ್ರವವನ್ನು ಎರಡು-ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಮೊದಲು ದುಂಡಗಿನ ಚೀಲದಂತಿದ್ದ ಇಲಿಯ ಆರ್ಗನಾಯ್ಡ್ ನಾಲ್ಕೈದು ದಿನಗಳಲ್ಲಿ ಮೊಗ್ಗೊಡೆಯುತ್ತದೆ. ಒಂದೊಂದು ಮೊಗ್ಗೂ ಒಂದು ಹೊಸ ಕ್ರಿಪ್ಟ್. ಸತ್ತ ಕೋಶಗಳು ಒಳಟೊಳ್ಳಿನಲ್ಲಿ ಕಪ್ಪಗೆ ಸೇರುತ್ತವೆ. ವಾರಕ್ಕೊಮ್ಮೆ ಜೆಲ್ ಒಡೆದು, ಆರ್ಗನಾಯ್ಡ್‌ಗಳನ್ನು ಪಿಪೆಟ್ಟಿನಿಂದ ಮುರಿದು, ಒಂದನ್ನು ನಾಲ್ಕೈದು ಪಾಲು ಮಾಡಿ ಹೊಸ ಜೆಲ್ಲಿನಲ್ಲಿ ಇಡುತ್ತಾರೆ. ಹೆಚ್ಚಾದದ್ದನ್ನು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿಡಬಹುದು. ಮನುಷ್ಯರ ಆರ್ಗನಾಯ್ಡ್ ಮಾತ್ರ ಡಬ್ಲ್ಯುಎನ್‌ಟಿ ತುಂಬಿದ ದ್ರವದಲ್ಲಿ ಇರುವಷ್ಟು ಕಾಲ ಬಹುತೇಕ ಎಳೆಯ ಕೋಶಗಳಾಗಿಯೇ ಉಳಿಯುತ್ತದೆ. ಮಾಗಿದ ಕೋಶ ಬೇಕಾದರೆ ಡಬ್ಲ್ಯುಎನ್‌ಟಿಯನ್ನು ತೆಗೆದು ದ್ರವ ಬದಲಿಸಬೇಕು. ಎಳೆಯ ಆರ್ಗನಾಯ್ಡಿನ ಮೇಲೆ ನಡೆಸಿದ ಪರೀಕ್ಷೆಯನ್ನು ಕರುಳಿನ ಪರೀಕ್ಷೆಯೆಂದು ಬರೆಯುವ ತಪ್ಪು ಈ ಕ್ಷೇತ್ರದಲ್ಲಿ ಕಡಿಮೆಯೇನಲ್ಲ.

ಬಹುಶಕ್ತ ಕಾಂಡಕೋಶಗಳ ದಾರಿ

ಕರುಳಿನ ಚೂರೇ ಬೇಕೆಂದಿಲ್ಲ. ಬಹುಶಕ್ತ ಕಾಂಡಕೋಶಗಳಿಗೆ ಮೂರು ದಿನ ಆಕ್ಟಿವಿನ್-ಎ, ಆಮೇಲೆ ನಾಲ್ಕು ದಿನ ಎಫ್‌ಜಿಎಫ್4 ಮತ್ತು ಡಬ್ಲ್ಯುಎನ್‌ಟಿ ಕೊಟ್ಟರೆ ಅವು ಭ್ರೂಣದ ಹಿಂಗರುಳಿನ ಹಾದಿ ಹಿಡಿದು ಸಣ್ಣ ಉಂಡೆಗಳಾಗುತ್ತವೆ. ಅವನ್ನು ಜೆಲ್ಲಿನಲ್ಲಿ ಒಂದು-ಎರಡು ತಿಂಗಳು ಬೆಳೆಸಬೇಕು. ಒಳಪದರದ ಜೊತೆಗೆ ಸುತ್ತಲಿನ ಆಧಾರಕೋಶಗಳೂ ಸಿಗುವುದು ಇದರ ಲಾಭ, ಹುಟ್ಟುವ ಅಂಗಾಂಶ ಭ್ರೂಣದ ಕರುಳನ್ನು ಹೋಲುವುದು ಮಿತಿ.

ಈ ದಾರಿಯ ಮೊದಲ ಹೆಜ್ಜೆಗೆ ಬೇಕಾದ ಅನುಭವ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ತಂಡ, ಚಿಕಿತ್ಸೆಗೆ ಬಾರದೆ ಕೈಬಿಟ್ಟ ಭ್ರೂಣಗಳಿಂದ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಮಾನವ ಕಾಂಡಕೋಶ ಸರಣಿಗಳನ್ನು ರೂಪಿಸಿ 2009ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಕಾಂಡಕೋಶ ಸಂಸ್ಥೆ ಇನ್‌ಸ್ಟೆಮ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ನಿಮ್ಹಾನ್ಸ್ ಜೊತೆ ಸೇರಿ ಮನೋರೋಗವುಳ್ಳ ಕುಟುಂಬಗಳವರ ಕೋಶಗಳಿಂದ ಬಹುಶಕ್ತ ಕಾಂಡಕೋಶಗಳನ್ನು ತಯಾರಿಸುವ ಯೋಜನೆ ನಡೆಸಿವೆ. ಅಲ್ಲಿನ ಗುರಿ ಮಿದುಳು, ಆದರೆ ಕೋಶಗಳನ್ನು ಪಳಗಿಸಿ ಉಳಿಸಿಕೊಳ್ಳುವ ವಿದ್ಯೆ ಕರುಳಿಗೂ ಅದೇ.

ಜೀವಂತ ಚಿತ್ರಣ ಮತ್ತು ಮಾಕಂದಿ ಬೇರು

ಸರಳ ಬೆಳಕಿನ ಸೂಕ್ಷ್ಮದರ್ಶಕವೇ ದಿನನಿತ್ಯದ ಸಾಧನ. ಬಣ್ಣ ಬೇಡ, ಕೋಶಕ್ಕೆ ನೋವಿಲ್ಲ. ಗುಮ್ಮಟದ ಬೇರೆ ಬೇರೆ ಎತ್ತರಗಳಲ್ಲಿ ಚಿತ್ರ ತೆಗೆದು, ಪ್ರತಿಯೊಂದರ ಸ್ಫುಟ ಭಾಗಗಳನ್ನು ಒಂದುಗೂಡಿಸಿದರೆ ಎಷ್ಟು ಆರ್ಗನಾಯ್ಡ್ ಬದುಕಿವೆ, ಎಷ್ಟು ಮೊಗ್ಗೊಡೆದಿವೆ ಎಂದು ಎಣಿಸಬಹುದು.

ಇದರ ಮೇಲೆ ಕಟ್ಟಿದ ಅತ್ಯಂತ ಉಪಯುಕ್ತ ಪರೀಕ್ಷೆ ಫೋರ್ಸ್ಕೊಲಿನ್ ಉಬ್ಬುವಿಕೆ. ಉಟ್ರೆಕ್ಟಿನ ಜೆಫ್ರಿ ಬೀಕ್ಮನ್ ತಂಡ 2013ರಲ್ಲಿ ಇದನ್ನು ಪ್ರಕಟಿಸಿತು. ಆರ್ಗನಾಯ್ಡ್‌ಗಳಿಗೆ ಕ್ಯಾಲ್ಸೀನ್ ಎಂಬ ಹಸಿರು ಹೊಳಪಿನ ಬಣ್ಣ ಹೀರಿಸಿ, ಫೋರ್ಸ್ಕೊಲಿನ್ ಬೆರೆಸಿ, ಸುಮಾರು ಒಂದು ಗಂಟೆ ಕೆಲವು ನಿಮಿಷಗಳಿಗೊಮ್ಮೆ ಚಿತ್ರ ತೆಗೆಯುತ್ತಾರೆ. ಫೋರ್ಸ್ಕೊಲಿನ್ ಕೋಶದೊಳಗೆ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ. ಅದರಿಂದ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಬಾಗಿಲು ತೆರೆಯುತ್ತದೆ, ಕ್ಲೋರೈಡಿನ ಹಿಂದೆ ನೀರು ಒಳಟೊಳ್ಳಿಗೆ ನುಗ್ಗುತ್ತದೆ, ಆರ್ಗನಾಯ್ಡ್ ಉಬ್ಬುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಈ ಬಾಗಿಲೇ ಕೆಟ್ಟಿರುವುದರಿಂದ ಅವರ ಗುದನಾಳದ ಚೂರಿನಿಂದ ಬೆಳೆಸಿದ ಆರ್ಗನಾಯ್ಡ್ ಉಬ್ಬುವುದಿಲ್ಲ. ತಕ್ಕ ಔಷಧ ಕೊಟ್ಟಾಗ ಉಬ್ಬಿದರೆ ಆ ಔಷಧ ಆ ವ್ಯಕ್ತಿಗೆ ಫಲ ಕೊಡುವ ಸಾಧ್ಯತೆ ಇದೆ. ಕಾಲರಾ ವಿಷವೂ ಆರ್ಗನಾಯ್ಡನ್ನು ಇದೇ ಹಾದಿಯಲ್ಲಿ ಉಬ್ಬಿಸುತ್ತದೆ. ಡೇ ಅವರ ಮೊಲದ ಕರುಳಿನಲ್ಲಿ ತುಂಬಿದ್ದು ಇದೇ ನೀರು.

ಫೋರ್ಸ್ಕೊಲಿನ್ ನಮ್ಮ ಹೊಲದ ವಸ್ತು. ಇದು ಸಿಗುವುದು ಮಾಕಂದಿ ಬೇರಿನಲ್ಲಿ. ದೊಡ್ಡಪತ್ರೆಯ ಹತ್ತಿರದ ಸಂಬಂಧಿಯಾದ ಈ ಗಿಡದ ಬೇರನ್ನು ಉಪ್ಪಿನಕಾಯಿಗೆ ಬಳಸುವ ರೂಢಿ ಗುಜರಾತಿನಲ್ಲೂ ಕರ್ನಾಟಕದಲ್ಲೂ ಇದೆ. ರೈತರು ಕೋಲಿಯಸ್ ಎಂದೇ ಕರೆದು ಔಷಧ ಬೆಳೆಯಾಗಿ ಬೆಳೆಯುತ್ತಾರೆ. ಮುಂಬೈಯ ಹೋಕ್ಸ್ಟ್ ಸಂಶೋಧನಾ ಕೇಂದ್ರದವರು 1970ರ ದಶಕದಲ್ಲಿ ಭಾರತದ ಔಷಧ ಸಸ್ಯಗಳನ್ನು ಸಾಲಾಗಿ ಪರೀಕ್ಷಿಸುವಾಗ ಈ ವಸ್ತುವನ್ನು ಬೇರ್ಪಡಿಸಿ, 1977ರಲ್ಲಿ ರಚನೆಯನ್ನು ಪ್ರಕಟಿಸಿದರು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೂ ಅದೇ ಕಾಲದಲ್ಲಿ ಇದೇ ಗಿಡದ ಮೇಲೆ ಕೆಲಸ ಮಾಡಿತ್ತು. ಬೆಂಗಳೂರಿನ ಸಾಮಿ ಲ್ಯಾಬ್ಸ್ ಇದರ ಸಾರವನ್ನು ಹೊರದೇಶಗಳಿಗೆ ಕಳಿಸುವ ಉದ್ದಿಮೆಯನ್ನೇ ಕಟ್ಟಿತು. ಜಗತ್ತಿನ ಯಾವ ಮೂಲೆಯಲ್ಲಿ ಉಬ್ಬುವಿಕೆಯ ಪರೀಕ್ಷೆ ನಡೆದರೂ ಅದರ ಕೀಲಿ ಈ ನೆಲದ ಒಂದು ಬೇರಿನಿಂದ ಬಂದದ್ದು.

ಸ್ಥಿರೀಕರಣ, ಬಣ್ಣ, ಪಾರದರ್ಶಕತೆ

ಯಾವ ಕೋಶ ಎಲ್ಲಿದೆ ಎಂದು ತಿಳಿಯಲು ಆರ್ಗನಾಯ್ಡನ್ನು ಸ್ಥಿರೀಕರಿಸಿ ಬಣ್ಣ ಹಾಕಬೇಕು. ಮೊದಲು ಜೆಲ್ಲನ್ನು ಚಳಿಯಲ್ಲಿ ಕರಗಿಸಿ ತೆಗೆಯುತ್ತಾರೆ. ಜೆಲ್ ಉಳಿದರೆ ಪ್ರತಿಕಾಯಗಳು ಅದರಲ್ಲೇ ಸಿಕ್ಕಿಕೊಂಡು ಹಿನ್ನೆಲೆಯೆಲ್ಲ ಮಬ್ಬಾಗಿ ಹೊಳೆಯುತ್ತದೆ. ಆಮೇಲೆ ಶೇಕಡಾ 4ರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಸ್ಥಿರೀಕರಣ, ಟ್ರೈಟಾನ್ ಎಂಬ ಮಾರ್ಜಕದಿಂದ ಕೋಶಪೊರೆಯಲ್ಲಿ ದಾರಿ ಮಾಡುವುದು, ಆಲ್ಬುಮಿನ್ನಿನಿಂದ ಬೇಡದ ಅಂಟುವಿಕೆಯ ತಡೆ. ತೆಳು ಸೀಳಿಕೆಗೆ ಒಂದೆರಡು ಗಂಟೆ ಸಾಕಾಗುವ ಪ್ರತಿಕಾಯ ಇಡೀ ಆರ್ಗನಾಯ್ಡಿನ ಒಳಗಿಳಿಯಲು ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ ತೆಗೆದುಕೊಳ್ಳುತ್ತದೆ. ಪ್ಯಾನೆಟ್ ಕೋಶಕ್ಕೆ ಲೈಸೊಜೈಮ್, ಗಾಬ್ಲೆಟ್ ಕೋಶಕ್ಕೆ ಮ್ಯೂಸಿನ್-2, ಹಾರ್ಮೋನು ಕೋಶಕ್ಕೆ ಕ್ರೋಮೊಗ್ರಾನಿನ್-ಎ, ವಿಭಜಿಸುವ ಕೋಶಕ್ಕೆ ಕೆಐ-67, ಕೋಶಗಳ ಗಡಿಗೆ ಇ-ಕ್ಯಾಡರಿನ್ ಗುರುತುಗಳು. ಕೋಶಕೇಂದ್ರಕ್ಕೆ ಡಾಪಿ, ಆಕ್ಟಿನ್ ಎಳೆಗಳಿಗೆ ಫ್ಯಾಲಾಯ್ಡಿನ್. ಒಳಟೊಳ್ಳಿನ ಕಡೆಗಿರುವ ಕುಂಚದಂಚು ಫ್ಯಾಲಾಯ್ಡಿನ್ನಿನಲ್ಲಿ ಗಾಢವಾಗಿ ಹೊಳೆಯುವುದರಿಂದ ಕೋಶದ ಒಳಮುಖ ಯಾವುದು, ಹೊರಮುಖ ಯಾವುದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ರೋಗಾಣುಗಳ ಅಧ್ಯಯನಕ್ಕೆ ಇದು ಬಹಳ ಮುಖ್ಯ. ಆಹಾರ, ರೋಗಾಣು ತಾಕುವ ಮುಖ ಆರ್ಗನಾಯ್ಡಿನ ಒಳಗೆ ಮುಚ್ಚಿಹೋಗಿರುವುದರಿಂದ ಸೂಜಿಯಿಂದ ಒಳಗೆ ಚುಚ್ಚಬೇಕು, ಇಲ್ಲವೇ ಜೆಲ್ ತೆಗೆದು ತೇಲಿಬಿಟ್ಟು ಒಳಮುಖವನ್ನು ಹೊರಕ್ಕೆ ತಿರುಗಿಸಬೇಕು, ಇಲ್ಲವೇ ಕೋಶಗಳನ್ನು ರಂಧ್ರವುಳ್ಳ ಪೊರೆಯ ಮೇಲೆ ಚಪ್ಪಟೆಯಾಗಿ ಬೆಳೆಸಬೇಕು. ಮನುಷ್ಯರ ನೋರೊವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಲು 2016ರಲ್ಲಿ ಮೇರಿ ಎಸ್ಟೆಸ್ ತಂಡಕ್ಕೆ ಸಾಧ್ಯವಾದದ್ದು ಹೀಗೆ ಚಪ್ಪಟೆಯಾಗಿ ಹರಡಿದ ಕೋಶಗಳಲ್ಲಿ.

ಬಣ್ಣ ಒಳಗಿಳಿದರೂ ಬೆಳಕು ಇಳಿಯಬೇಕಲ್ಲ. ನೀರಿನ ವಕ್ರೀಭವನಾಂಕ 1.33, ಕೋಶದೊಳಗಿನ ಪ್ರೋಟೀನು-ಕೊಬ್ಬುಗಳದ್ದು ಅದಕ್ಕಿಂತ ಹೆಚ್ಚು. ಈ ವ್ಯತ್ಯಾಸದಿಂದ ಬೆಳಕು ಚದುರಿ, ಆಳದ ಅರ್ಧ ಭಾಗ ಕತ್ತಲಾಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಸರಳ ವಿಧಾನದಲ್ಲಿ ಫ್ರಕ್ಟೋಸ್ ಮತ್ತು ಗ್ಲಿಸರಾಲಿನ ಗಟ್ಟಿ ದ್ರಾವಣದಲ್ಲಿ ಆರ್ಗನಾಯ್ಡನ್ನು ನೆನೆಸಿ ವ್ಯತ್ಯಾಸವನ್ನು ತಗ್ಗಿಸುತ್ತಾರೆ. ಹಣ್ಣಿನ ಸಕ್ಕರೆ ಮತ್ತು ಗ್ಲಿಸರಿನ್ ಸಾಕು, ವಿಷಕಾರಿ ದ್ರಾವಕ ಬೇಡ. ಸಣ್ಣ ಪಟ್ಟಣದ ಕಾಲೇಜಿನಲ್ಲೂ ಮಾಡಬಹುದಾದ ಇಂಥ ವಿಧಾನಗಳಿಗೆ ಕೈಪಿಡಿಗಳಲ್ಲಿ ಹೆಚ್ಚು ಜಾಗ ಸಿಗಬೇಕು.

ಮೂರು ಆಯಾಮದ ನೋಟ

ಕಾನ್ಫೋಕಲ್ ಸೂಕ್ಷ್ಮದರ್ಶಕ ಒಂದು ಸಣ್ಣ ರಂಧ್ರದ ಮೂಲಕ ಸ್ಫುಟ ಸಮತಲದ ಬೆಳಕನ್ನಷ್ಟೇ ಹಿಡಿದು, ಪದರ ಪದರವಾಗಿ ಚಿತ್ರ ತೆಗೆಯುತ್ತದೆ. ಅಡ್ಡಲಾಗಿ ಸುಮಾರು 0.2 ಮೈಕ್ರಾನ್ ವಿವರ ತೋರಿಸುವ ಅದೇ ಮಸೂರ ಆಳದ ದಿಕ್ಕಿನಲ್ಲಿ ಎರಡು-ಮೂರು ಪಟ್ಟು ಮಂಕಾಗಿರುತ್ತದೆ. ಹಾಗಾಗಿ ದುಂಡಗಿನ ಕೋಶಕೇಂದ್ರ ಚಿತ್ರದಲ್ಲಿ ಉದ್ದವಾಗಿ ಕಾಣುತ್ತದೆ, ಅದನ್ನು ಜೀವಶಾಸ್ತ್ರವೆಂದು ಓದಬಾರದು. ಇನ್ನೂ ಆಳಕ್ಕೆ ಎರಡು-ಫೋಟಾನ್ ಸೂಕ್ಷ್ಮದರ್ಶಕ ಬೇಕು.

ದಿನಗಟ್ಟಲೆ ಬೆಳವಣಿಗೆ ನೋಡಲು ಬೆಳಕಿನ ಹಾಳೆಯ ಸೂಕ್ಷ್ಮದರ್ಶಕವೇ ಉತ್ತಮ. ಒಂದು ಪಕ್ಕದಿಂದ ತೆಳುವಾದ ಬೆಳಕಿನ ಹಾಳೆಯನ್ನು ಹಾಯಿಸಿ, ಅದಕ್ಕೆ ಲಂಬವಾಗಿ ಇಟ್ಟ ಕ್ಯಾಮರಾದಿಂದ ಆ ಸಮತಲವನ್ನು ಒಮ್ಮೆಗೇ ಹಿಡಿಯುತ್ತಾರೆ. ಉಳಿದ ಭಾಗಕ್ಕೆ ಬೆಳಕು ಬೀಳದ್ದರಿಂದ ಕೋಶಗಳು ಸುಡುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ರಿಸ್ಕಾ ಲಿಬೆರಾಲಿ ತಂಡ 2019ರಲ್ಲಿ, ದುಂಡಗಿನ ಚೀಲದಲ್ಲಿ ಎಲ್ಲ ಕೋಶಗಳೂ ಒಂದೇ ತೆರನಾಗಿರುವಾಗ ಮೊದಲ ಪ್ಯಾನೆಟ್ ಕೋಶ ಹುಟ್ಟಿ ಮೊಗ್ಗಿನ ಜಾಗ ಗೊತ್ತಾಗುವ ಬಗೆಯನ್ನು ವಿವರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥ ಪ್ರತಿಮ್ ಮಂಡಲ್ ತಂಡ ಬೆಳಕಿನ ಹಾಳೆಯ ಉಪಕರಣಗಳನ್ನು ಸ್ವತಃ ರೂಪಿಸುತ್ತ ಬಂದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಚಿತ್ರಣ ಸೌಲಭ್ಯ ಮತ್ತು ಅಲ್ಲಿನ ಸೂಕ್ಷ್ಮದರ್ಶಕ ತರಬೇತಿಗಳು ದೇಶದ ಅನೇಕ ಯುವ ಸಂಶೋಧಕರನ್ನು ತಯಾರು ಮಾಡಿವೆ.

ಚಿತ್ರದಿಂದ ಲೆಕ್ಕಕ್ಕೆ ಹೋಗುವಾಗ ಗಾತ್ರದ ತೊಡಕು ಎದುರಾಗುತ್ತದೆ. 2048×2048 ಬಿಂದುಗಳ 16 ಬಿಟ್ ಚಿತ್ರವೊಂದು ಸುಮಾರು 8 ಮೆಗಾಬೈಟ್. ನಾಲ್ಕು ಬಣ್ಣ, ನೂರು ಪದರ ಎಂದರೆ ಒಂದೇ ಆರ್ಗನಾಯ್ಡಿಗೆ 3 ಗಿಗಾಬೈಟಿಗೂ ಹೆಚ್ಚು. ಫಿಜಿ, ಸೆಲ್‌ಪ್ರೊಫೈಲರ್, ಸೆಲ್‌ಪೋಸ್ ಮುಂತಾದ ಉಚಿತ ತಂತ್ರಾಂಶಗಳು ಕೋಶಗಳ ಗಡಿ ಗುರುತಿಸಿ ಎಣಿಸುತ್ತವೆ. ಯಂತ್ರ ಗುರುತಿಸಿದ ಗಡಿಯನ್ನು ಮನುಷ್ಯ ಕಣ್ಣಿನಿಂದ ಒರೆಹಚ್ಚದೆ ಅಂಕಿಯನ್ನು ನಂಬಬಾರದು. ಮೊಗ್ಗುಗಳ ಸಂದಿಯಲ್ಲಿ ಎರಡು ಕೋಶಗಳನ್ನು ಒಂದೆಂದು ಎಣಿಸುವುದು ತೀರ ಸಾಮಾನ್ಯ.

ಔಷಧ ಪರೀಕ್ಷೆ

ಕರುಳಿನ ಕ್ಯಾನ್ಸರಿನ ಗೆಡ್ಡೆಯಿಂದಲೂ ಆರ್ಗನಾಯ್ಡ್ ಬೆಳೆಸಬಹುದು. 2019ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು, ರೋಗಿಯ ಆರ್ಗನಾಯ್ಡ್ ಇರಿನೊಟೆಕಾನ್ ಔಷಧಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದರಿಂದ ರೋಗಿಯ ಸ್ಪಂದನವನ್ನು ಬಹುಮಟ್ಟಿಗೆ ಊಹಿಸಬಹುದೆಂದು ತೋರಿಸಿತು. ಫ್ಲೂರೊಯುರಾಸಿಲ್ ಮತ್ತು ಆಕ್ಸಾಲಿಪ್ಲಾಟಿನ್ ಜೋಡಿಗೆ ಅದೇ ಊಹೆ ಫಲಿಸಲಿಲ್ಲ. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಹೇಳಬೇಕು, ಮೊದಲನೆಯದನ್ನಷ್ಟೇ ಹೇಳಿದರೆ ರೋಗಿಗಳಿಗೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ.

ಇರಿನೊಟೆಕಾನ್ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನಿಂದ ಬಂದದ್ದು. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅದನ್ನು ಚೀನಾದ ಒಂದು ಮರದಲ್ಲಿ ಗುರುತಿಸಿದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಅದೇ ವಸ್ತುವನ್ನು ಕಂಡರು.  ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದ ಬೇರೆ ಬೇರೆ ನೆಲೆಗಳ ಮರಗಳಲ್ಲಿ ಈ ವಸ್ತು ಎಷ್ಟಿದೆ ಎಂದು ಅಳೆದರು, ಶಿರಸಿ ಅರಣ್ಯ ಕಾಲೇಜಿನ ಆರ್. ವಾಸುದೇವ ಆ ಬಗೆಯ ಅಧ್ಯಯನಗಳಲ್ಲಿ ಜೊತೆಗೂಡಿದ್ದರು. ಮಿತಿಮೀರಿದ ಕಡಿತದಿಂದ ಮರ ಅಪಾಯಕ್ಕೆ ಸಿಲುಕಿದೆ. ಔಷಧದ ಮೂಲವನ್ನು ಕಾಡಿನಲ್ಲಿ ಉಳಿಸಿಕೊಳ್ಳುವುದು, ಅದರ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಉತ್ತಮಗೊಳಿಸುವುದು ಎರಡೂ ಒಂದೇ ತೂಕದ ಕೆಲಸಗಳು.

ಭಾರತ ಸರ್ಕಾರ 2023ರ ಮಾರ್ಚಿನಲ್ಲಿ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳನ್ನು ತಿದ್ದಿ, ಪ್ರಾಣಿಪರೀಕ್ಷೆಯ ಜೊತೆಗೆ ಕೋಶಕೃಷಿ, ಆರ್ಗನಾಯ್ಡ್ ಮತ್ತು ಚಿಪ್ ಮೇಲಿನ ಅಂಗಗಳ ಪರೀಕ್ಷೆಗೂ ಅವಕಾಶ ಕೊಟ್ಟಿತು. ಮನುಷ್ಯರ ಅಂಗಾಂಶ ಬಳಸುವವರು ನೈತಿಕ ಸಮಿತಿಯ ಅನುಮತಿ ಮತ್ತು ಅಂಗಾಂಶ ಕೊಟ್ಟವರ ತಿಳಿದ ಒಪ್ಪಿಗೆ ಪಡೆಯಲೇಬೇಕು. ಈ ಅವಕಾಶ ಬಳಕೆಗೆ ಬರಲು ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಮರುಕಳಿಸಬೇಕು. ಅದಕ್ಕಾಗಿ ಅಂಗಾಂಶ ಕರುಳಿನ ಯಾವ ಭಾಗದ್ದು, ಎಷ್ಟನೆಯ ಸಲ ಪಾಲು ಮಾಡಿದ ಆರ್ಗನಾಯ್ಡ್, ಜೆಲ್ ಯಾವ ಬ್ಯಾಚಿನದು, ದ್ರವ ಬದಲಿಸಿದ ಎಷ್ಟು ದಿನಕ್ಕೆ ಚಿತ್ರ ತೆಗೆದದ್ದು, ಯಾವ ಮಸೂರ, ಪದರಗಳ ಅಂತರವೆಷ್ಟು, ಎಣಿಕೆಯಿಂದ ಯಾವ ಆರ್ಗನಾಯ್ಡ್‌ಗಳನ್ನು ಏಕೆ ಬಿಡಲಾಯಿತು ಎಂಬುದನ್ನೆಲ್ಲ ಪ್ರತಿ ಚಿತ್ರದ ಜೊತೆ ದಾಖಲಿಸಬೇಕು.